ಗಂಡನ ಹೆಸರಿನ ಕಾಲಂ

ಕಂಪ್ಯೂಟರಿನ ಮುಂದೆ ಕೂತರೆ ನನಗೆ ಮೊದಲು ಕೋಪ ಬರುತ್ತದೆ, ಆಮೇಲೆ ಬೆವರು. ಸೋಂಪುರದ ಒಂದು ಸಿದ್ಧ ಉಡುಪಿನ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಜರಿ ನೋಡಿಕೊಳ್ಳುವವನು ನಾನು. ಉದ್ದನೆಯ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಗೈರುಹಾಜರಿ ಗುರುತು ಹಾಕುತ್ತಿದ್ದ ಕಾಲದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಎಕ್ಸೆಲ್ ಬಂದ ಮೇಲೆ, ಮೌಸ್ ಹಿಡಿದು ತಡಕಾಡುವುದು ಯಾರಿಗೂ ಕಾಣದಿರಲಿ ಎಂದು ಕುರ್ಚಿಯನ್ನು ಮೂಲೆಗೆ ಎಳೆದುಕೊಂಡವನೂ ನಾನೇ.

ಎರಡು ವರ್ಷದ ಹಿಂದೆ ಹೆಡ್ ಆಫೀಸಿನಿಂದ ಒಂದು ಮೇಲ್ ಬಂತು. ಗುತ್ತಿಗೆಯ ಮೇಲೆ ದುಡಿಯುವ ಹೆಂಗಸರಿಗೆಲ್ಲ ಆಸ್ಪತ್ರೆ ಕಾರ್ಡು ಮಾಡಿಸುತ್ತಾರಂತೆ. ಕಾರ್ಡು ಇದ್ದರೆ ಅವರಿಗೂ ಅವರ ಗಂಡಂದಿರಿಗೂ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ಹೆಸರು ಒಂದು ಕಾಲಂ, ಗಂಡನದೋ ತಂದೆಯದೋ ಹೆಸರು ಇನ್ನೊಂದು, ಊರು ಮೂರನೆಯದು. ಸಂಜೆ ನಾಲ್ಕರೊಳಗೆ ಕಳಿಸಬೇಕು.

ಪಟ್ಟಿ ನನ್ನ ಬಳಿ ಇತ್ತು, ಆದರೆ ಅದನ್ನು ಪಟ್ಟಿ ಅನ್ನುವಂತಿರಲಿಲ್ಲ. ಪ್ಯಾಕಿಂಗ್ ವಿಭಾಗದ ಸೂಪರ್‌ವೈಸರ್ ಶಿಫ್ಟ್ ಬದಲಾಗುವ ಹೊತ್ತಿಗೆ ಗೇಟಿನಲ್ಲಿ ನಿಂತು, ಒಬ್ಬೊಬ್ಬರನ್ನೇ ಕೇಳಿ ಮೊಬೈಲಿನಲ್ಲಿ ಒತ್ತಿಕೊಂಡು ಬಂದಿದ್ದ. ಒಬ್ಬೊಬ್ಬರದು ಒಂದೊಂದು ಸಾಲು, ನಡುವೆ ಕಾಮಾ. ಅದನ್ನು ಶೀಟಿಗೆ ಹಾಕಿದಾಗ ಹೆಸರು, ಗಂಡ, ಊರು ಮೂರೂ ಒಂದೇ ಚೌಕದಲ್ಲಿ ತುರುಕಿಕೊಂಡು ಕೂತವು. ಅಂಥ ಸಾಲುಗಳು ನಾನೂರಕ್ಕೂ ಹೆಚ್ಚು. ಕತ್ತರಿಸಿ ಅಂಟಿಸುತ್ತಾ ಕೂತರೆ ಮುಂದಿನ ಸಂಕ್ರಾಂತಿಗೂ ಮುಗಿಯುವಂತಿರಲಿಲ್ಲ.

ಯಾರನ್ನಾದರೂ ಕೇಳಬಹುದಿತ್ತು. ಮಾನ ಅಡ್ಡ ಬಂತು. ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿ, ಸದ್ದು ಕಡಿಮೆ ಮಾಡಿಕೊಂಡು ಮೂರು ಸಲ ನೋಡಿದೆ. ಕಾಲಂ ಆರಿಸಬೇಕು, ‘ಟೆಕ್ಸ್ಟ್ ಟು ಕಾಲಮ್ಸ್’ ಒತ್ತಬೇಕು, ಕಾಮಾ ಇದ್ದಲ್ಲಿ ಕತ್ತರಿಸು ಎಂದು ಟಿಕ್ ಹಾಕಬೇಕು, ಮುಗಿಸಬೇಕು. ಒತ್ತಿದೆ. ಮೊರದಲ್ಲಿ ಕೇರಿದ ಹಾಗೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ ಆಗಿ ನಾನೂರು ಸಾಲೂ ಒಂದೇ ಏಟಿಗೆ ಮೂರು ಕಾಲಂ ಆದವು. ನನ್ನ ಸಂತೋಷಕ್ಕೆ ಪಾರವೇ ಇರಲಿಲ್ಲ. ಮೊದಲ ಇಪ್ಪತ್ತು ಸಾಲು ಓದಿದೆ, ಎಲ್ಲ ಸರಿಯಾಗಿತ್ತು. ಕೆಳಗೆ ಹೋದಂತೆ ಕೆಲವರ ಊರಿನ ಚೌಕ ಖಾಲಿ ಇದ್ದದ್ದು ಕಣ್ಣಿಗೆ ಬಿತ್ತು. ಸೂಪರ್‌ವೈಸರ್ ಸೋಮಾರಿ, ಊರು ಕೇಳಿಲ್ಲ ಎಂದುಕೊಂಡೆ. ಊರು ಖಾಲಿ ಬಿಟ್ಟರೂ ನಡೆಯುತ್ತದೆ ಎಂದು ಮೇಲ್‌ನಲ್ಲೇ ಬರೆದಿತ್ತು. ಮೂರು ಗಂಟೆಗೇ ಕಳಿಸಿಬಿಟ್ಟು, ಮೀಸೆ ತಿರುವಿಕೊಳ್ಳುತ್ತಾ ಟೀ ಕುಡಿಯಲು ಹೋದೆ.

ಕಾರ್ಡುಗಳು ಬಂದವು, ಹಂಚಿದ್ದೂ ಆಯಿತು. ಒಂದೂವರೆ ತಿಂಗಳಾದ ಮೇಲೆ ಕ್ಯಾಂಟೀನಿನ ಅಕ್ಕ ನನ್ನ ಮೇಜಿನ ಮುಂದೆ ಬಂದು ನಿಂತರು. ನಮಗೆಲ್ಲ ಮುದ್ದೆ ತೊಳಸುವವರು, ಐವತ್ತೈದು ದಾಟಿದವರು, ಶಿವಗಂಗೆ ಬೆಟ್ಟದ ಕೆಳಗಿನ ಹಳ್ಳಿಯವರು. ಓದು ಬಾರದು. ಸೆರಗಿನ ತುದಿಯ ಗಂಟು ಬಿಚ್ಚಿ ಕಾರ್ಡು ಕೊಟ್ಟರು.

“ಇದ್ರಲ್ಲಿ ಏನು ಬರ್ದೈತೆ ನೋಡಿ ಸಾ. ಆಸ್ಪತ್ರೆಯೋರು ಆಗಕ್ಕಿಲ್ಲ ಅಂತವ್ರೆ.”

ಅವರ ಗಂಡನಿಗೆ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಗಾಯವಾಗಿ, ಬೆರಳು ಕಪ್ಪಗಾಗಿತ್ತು. ಬೆರಳು ತೆಗೆದರೆ ಸರಿಹೋಗುತ್ತದೆ, ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಕೌಂಟರಿನಲ್ಲಿ ಮಾತ್ರ, ಕಾರ್ಡಿನಲ್ಲಿರುವ ಗಂಡನ ಹೆಸರು ಈ ಮನುಷ್ಯನ ಆಧಾರಿಗೆ ಹೊಂದುವುದಿಲ್ಲ, ಆಫೀಸಿನಲ್ಲಿ ಸರಿಮಾಡಿಸಿಕೊಂಡು ಬನ್ನಿ ಎಂದು ವಾಪಸು ಕಳಿಸಿದ್ದರು.

ಓದಿದೆ. ಗಂಡನ ಹೆಸರು ಇರಬೇಕಾದ ಕಡೆ ಅವರ ಊರಿನ ಹೆಸರು ಅಚ್ಚಾಗಿತ್ತು.

ಫೈಲು ತೆರೆದು ಈ ಸಲ ಕೆಳಗಿನವರೆಗೂ ನೋಡಿದೆ. ಮೊದಲಿದ್ದವರೆಲ್ಲ ಹೊಲಿಗೆ ಲೈನಿನ ಹುಡುಗಿಯರು, ಗಂಡನನ್ನು ಹೆಸರು ಹಿಡಿದೇ ಕೂಗುವವರು. ಆಮೇಲೆ ಶುರುವಾಗಿದ್ದರು ಕಸ ಗುಡಿಸುವವರು, ಕ್ಯಾಂಟೀನಿನವರು, ನಮ್ಮ ಕಡೆಯ ಹಳೆಯ ಹೆಂಗಸರು. ಅವರಲ್ಲಿ ಮೂವತ್ತೊಂದು ಜನಕ್ಕೆ ನಾನು ಊರುಗಳನ್ನೇ ಗಂಡ ಮಾಡಿದ್ದೆ.

ಸೂಪರ್‌ವೈಸರನ್ನು ಕರೆದು ಉಗಿದೆ. “ಅಲ್ಲಾ ಕಣೋ, ಗಂಡನ ಹೆಸ್ರು ಹೇಳ್ದೇ ಇದ್ರೆ ಆ ಜಾಗ ಖಾಲಿ ಬಿಟ್ಟು ಇನ್ನೊಂದು ಕಾಮಾ ಹಾಕ್ಬೇಕು ತಾನೆ?”

“ನಂಗೇನು ಗೊತ್ತು ಗುರು. ಕೇಳಿದ್ರೆ ಸೆರಗು ಬಾಯಿಗೆ ಹಿಡ್ಕೊಂಡು ನಗ್ತಾ ನಿಂತ್ಬಿಡ್ತಾರೆ. ಹಿಂದ್ಗಡೆ ನೂರು ಜನ ಕ್ಯೂ. ಊರು ಕೇಳಿ ಮುಂದಕ್ಕೆ ಕಳಿಸ್ದೆ.”

ಅವನನ್ನು ಬೈದು ಏನು ಬಂತು? ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಹೆಂಗಸರ ನಡುವೆಯೇ ಹುಟ್ಟಿ ಬೆಳೆದವನು ನಾನು. ರೇಷನ್ ಅಂಗಡಿಯಲ್ಲಿ ಅಪ್ಪನ ಹೆಸರು ಕೇಳಿದರೆ ನಮ್ಮವ್ವ ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದಳು, ನಾನು ಹೇಳುತ್ತಿದ್ದೆ. ಇದು ತಿಳಿಯದ ಯಾವನೋ ಹೊರಗಿನವನು ಮಾಡಿದ್ದರೆ ಕ್ಷಮಿಸಬಹುದಿತ್ತು. ಮಾಡಿದ್ದು ನಾನು.

“ಎರಡು ದಿನ ತಾಳಿ ಅಕ್ಕ, ನಾನು ಸರಿ ಮಾಡಿಸ್ತೀನಿ” ಎಂದೆ. ಆ ಮಾತನ್ನು ಯಾಕಾದರೂ ಆಡಿದೆನೋ. ಬೆಂಗಳೂರಿನ ಸರ್ಕಾರಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಅವತ್ತೇ ಹೇಳಿದ್ದರೆ ಹೋಗುತ್ತಿದ್ದರು. ನನ್ನನ್ನು ನಂಬಿ ಉಳಿದರು.

ತಿದ್ದುಪಡಿಗೆ ಗಂಡನ ಹೆಸರು ಕೇಳಿದೆ. ಆಗಲೂ ಅಕ್ಕ ಬಾಯಿ ಬಿಡಲಿಲ್ಲ. ಸೆರಗಿನಿಂದ ಗಂಡನ ಆಧಾರ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟು ಮುಖ ಆ ಕಡೆ ಮಾಡಿದರು. ನೋಡಿಕೊಂಡು ಬರೆದೆ, ಮೇಲ್ ಕಳಿಸಿದೆ. ಹೆಡ್ ಆಫೀಸಿನವರು ಕಾರ್ಡಿನ ಕಂಪನಿಯನ್ನು ಕೇಳಿ ಎಂದರು. ಕಾರ್ಡಿನ ಕಂಪನಿಯವರು ಹೆಡ್ ಆಫೀಸಿನಿಂದಲೇ ಬರಬೇಕು ಎಂದರು. ಫೋನಿನಲ್ಲಿ ಒಬ್ಬಳು ಹುಡುಗಿ ಬಲು ಮರ್ಯಾದೆಯಿಂದ, “ಸರ್, ನೀವೇ ಅಪ್‌ಲೋಡ್ ಮಾಡಿರೋ ಡೇಟಾ ಇದು” ಎಂದಳು. ಲೆಟರ್‌ಹೆಡ್ಡಿನಲ್ಲಿ ಪತ್ರ ಬೇಕು ಎಂದರು, ಕೊಟ್ಟೆ. ಸೀಲು ಸರಿಯಾಗಿ ಮೂಡಿಲ್ಲ ಎಂದರು, ಮತ್ತೆ ಒತ್ತಿದೆ. ದಿನಾ ಮಧ್ಯಾಹ್ನ ಊಟಕ್ಕೆ ಹೋದಾಗ ಅಕ್ಕ ಮುದ್ದೆ ಬಡಿಸುತ್ತಾ ನನ್ನ ಮುಖ ನೋಡುತ್ತಿದ್ದರು. ನಾನು ಇವತ್ತೂ ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದೆ. ಎರಡು ದಿನ ಹನ್ನೊಂದು ದಿನವಾಯಿತು.

ಹನ್ನೆರಡನೆಯ ದಿನ ಅಕ್ಕ ಕೆಲಸಕ್ಕೆ ಬರಲಿಲ್ಲ. ಗಂಡನಿಗೆ ಚಳಿ ಜ್ವರ ಬಂದು, ಪಾದವೆಲ್ಲ ಊದಿ, ಊರಿನವರು ಆಟೋದಲ್ಲಿ ಹಾಕಿಕೊಂಡು ದೊಡ್ಡಾಸ್ಪತ್ರೆಗೆ ಹೋಗಿದ್ದರು. ಅಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಸರಿಮಾಡಿದ ಕಾರ್ಡು ಅದರ ಮುಂದಿನ ವಾರ ಬಂತು.

ಅಕ್ಕ ಮತ್ತೆ ಕೆಲಸಕ್ಕೆ ಬಂದಾಗ, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರು ಹೇಳಿದರು: ಹೆಸರು ಹೇಳದೆ ಹಟ ಮಾಡಿ ಕಾಲು ಕಳೆದೆ ಎಂದು ಆಕೆ ದಿನಾ ಅಳುತ್ತಾಳೆ ಎಂದು. ನನಗೆ ತಡೆಯಲಾಗಲಿಲ್ಲ. ಬೈಗುಳವಾದರೂ ಬೀಳಲಿ, ಒಪ್ಪಿಕೊಂಡುಬಿಡೋಣ ಎಂದು ಅವರನ್ನು ಕರೆದು ನನ್ನ ಕುರ್ಚಿಯಲ್ಲೇ ಕೂರಿಸಿದೆ. ಹಳೆಯ ಫೈಲು ತೆರೆದೆ.

“ಅಕ್ಕ, ತಪ್ಪು ನಿಮ್ದಲ್ಲ, ನಂದು. ಇಲ್ಲಿ ನೋಡಿ, ಒಂದೇ ಕಡೆ ಇದ್ದಿದ್ನ ನಾನು ಹಿಂಗೆ ಮೂರು ಭಾಗ ಮಾಡ್ದೆ. ಕೆಳಗಂಟ ನೋಡ್ದೆ ಕಳಿಸ್ಬಿಟ್ಟೆ.”

ಅವರು ಪರದೆಯ ಚೌಕಗಳನ್ನು ಬಹಳ ಹೊತ್ತು ನೋಡಿದರು. “ಇದ್ರಲ್ಲಿ ನಂದು ಯಾವ್ದು ಸಾ?”

ಬೆರಳಿಟ್ಟು ತೋರಿಸಿದೆ. ಇದು ನಿಮ್ಮ ಹೆಸರು, ಇಲ್ಲಿ ನಿಮ್ಮ ಯಜಮಾನರ ಹೆಸರು ಬರಬೇಕಿತ್ತು, ಅದು ಇಲ್ಲದ್ದಕ್ಕೆ ಊರು ಜರುಗಿ ಇಲ್ಲಿ ಬಂದು ಕೂತಿತು, ಊರಿನ ಜಾಗ ಖಾಲಿ ಉಳಿಯಿತು ಎಂದು ಬಿಡಿಸಿ ಹೇಳಿದೆ. ಅಕ್ಕ ಆ ಖಾಲಿ ಚೌಕದ ಮೇಲೆ ತಮ್ಮ ಬೆರಳಿಟ್ಟರು.

“ಅಂಗಾರೆ ನಾನು ಅವತ್ತು ಹೇಳಿದ್ರೆ ಇದು ತುಂಬಿರ್ತಿತ್ತು.”

ನಾನು ಫೈಲು ಮುಚ್ಚಿದೆ. ಅವರು ಎದ್ದು, ಕುರ್ಚಿಯನ್ನು ಸೆರಗಿನಿಂದ ಒರೆಸಿ ಹೋದರು.

ಈಗ ಹೊಸದಾಗಿ ಕೆಲಸಕ್ಕೆ ಸೇರುವ ಹೆಂಗಸರು ನನ್ನ ಕಿಟಕಿಯ ಹೊರಗೆ ಸಾಲಾಗಿ ನಿಂತಾಗ ಅಕ್ಕ ಮುದ್ದೆಯ ಕೋಲು ಬಿಟ್ಟು ಬರುತ್ತಾರೆ. ವಯಸ್ಸಾದವರನ್ನು ಹುಡುಕಿ, “ಯಜಮಾನ್ರ ಹೆಸ್ರು ಹೇಳ್ಬಿಡ್ರವ್ವ. ನಾನು ಹೇಳ್ದೆ ನಮ್ಮನೆಯೋರ ಕಾಲು ಕಳ್ದೆ” ಎನ್ನುತ್ತಾರೆ. ಪ್ರತಿಯೊಬ್ಬರಿಗೂ ಹೇಳುತ್ತಾರೆ. ಕಿಟಕಿಯ ಈ ಕಡೆ ಕೂತು ನಾನು ಅದನ್ನು ಕೇಳಿಸಿಕೊಳ್ಳುತ್ತೇನೆ. ತಪ್ಪು ಅವರದಲ್ಲ ಎಂದು ಎದ್ದು ಹೋಗಿ ಕೂಗಿ ಹೇಳಿದರೂ ಅವರು ನಂಬುವುದಿಲ್ಲ. ಆ ಖಾಲಿ ಜಾಗವನ್ನು ಅವರಿಗೆ ಬೆರಳಿಟ್ಟು ತೋರಿಸಿದವನು ನಾನೇ.