ಕಸದಕ್ಕನೂ ಅಣ್ಣನ ದೋಣಿಯೂ

ಬಂದರಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕಸದಕ್ಕ ಎಂದೇ. ಟ್ರಾಲರ್ ಬಲೆಗೆ ಬೇಡದಿದ್ದರೂ ಬಿದ್ದ ಪುಡಿಮೀನಿಗೆ ಅಲ್ಲಿನವರು ಕಸ ಎನ್ನುತ್ತಿದ್ದರು. ಅದನ್ನು ಬುಟ್ಟಿಯಿಂದ ಸುರಿದುಕೊಂಡು, ಜಾತಿವಾರು ಬೇರ್ಪಡಿಸಿ, ಅಳೆದು ತೂಗಿ, ಹೊಟ್ಟೆ ಸೀಳಿ ಮೊಟ್ಟೆ ಕಟ್ಟಿದೆಯೇ ಎಂದು ನೋಡುವುದು ಮೀನುಗಾರಿಕೆ ಕಚೇರಿಯಲ್ಲಿ ಅವಳ ಕೆಲಸ. ಯಾವ ಮೀನಿನ ಸಂತತಿ ಚೆನ್ನಾಗಿದೆ, ಯಾವುದು ಸೊರಗುತ್ತಿದೆ ಎಂಬುದು ಅದರಿಂದ ತಿಳಿಯುತ್ತಿತ್ತು.

ಬುಟ್ಟಿ ಹೆಚ್ಚಾಗಿ ಅವಳ ಅಣ್ಣನ ದೋಣಿಯದೇ. ಗಂಡ ತೀರಿಕೊಂಡ ಮೇಲೆ ಅವಳು ಇದ್ದದ್ದೂ ಅವನ ಮನೆಯಲ್ಲೇ. "ನಾನು ಬಿಸಾಕಿದ್ದಕ್ಕೆ ಸರ್ಕಾರ ನನ್ನ ತಂಗಿಗೆ ಸಂಬಳ ಕೊಡುತ್ತಪ್ಪ!" ಎಂದು ಅವನು ಕೂಗಿ ಎಲ್ಲರನ್ನೂ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಗಂಡ ಹೋದಾಗಿನಿಂದ ನಗು, ಅಳು ಯಾವುದೂ ಒಳಗೆ ಇಳಿಯುತ್ತಿರಲಿಲ್ಲ.

ಆ ವರ್ಷ ಬುಟ್ಟಿ ತುಂಬ ಒಂದೇ ಜಾತಿಯ ಬೆರಳುದ್ದದ ಮರಿಗಳು. ಬೆಳೆದರೆ ಊರಿಗೇ ಅನ್ನ ಕೊಡುವ ಮೀನು ಅದು. ಎಷ್ಟು ಸೀಳಿದರೂ ಒಂದರಲ್ಲೂ ಮೊಟ್ಟೆಯಿಲ್ಲ; ಮೊಟ್ಟೆ ಕಟ್ಟುವಷ್ಟು ಬೆಳೆಯುವ ಮೊದಲೇ ಬಲೆಗೆ ಬೀಳುತ್ತಿದ್ದವು. ತಾಯಿಮೀನು ಬಲೆಗೆ ಬೀಳುವುದೇ ನಿಂತುಹೋಗಿತ್ತು.

"ಖಾತ್ರಿನಾ?" ಎಂದರು ಮೇಲಧಿಕಾರಿ.

"ಖಾತ್ರಿ ಸರ್."

"ದಡದ ಹತ್ತಿರ ಟ್ರಾಲ್ ನಿಲ್ಲಿಸಬೇಕಾಗುತ್ತೆ. ನಿಮ್ಮಣ್ಣ ಹೋಗೋದೂ ಅಲ್ಲೇ ಅಲ್ವಾ?"

"ಅಲ್ಲೇ."

ಅವಳು ವರದಿಗೆ ಸಹಿ ಹಾಕಿ ಕೊಟ್ಟಳು. ಸಂಕಟವಾಗಬೇಕಿತ್ತೇನೋ ಎಂದು ಆಮೇಲೆ ಬಸ್ಸಿನಲ್ಲಿ ಅನ್ನಿಸಿತು, ಅಷ್ಟೆ.

ನಿಷೇಧ ಬಂತು. ಆಳಸಮುದ್ರಕ್ಕೆ ಹೋಗುವ ತಾಕತ್ತು ಅಣ್ಣನ ಹಳೆಯ ದೋಣಿಗಿರಲಿಲ್ಲ. ಊಟಕ್ಕೆ ಕೂತಾಗ ಅವನು ಕೇಳಿದ: "ಬೇರೆಯವರ ಬುಟ್ಟಿ ನೋಡೋಕೆ ಆಗಲಿಲ್ವಾ ನಿಂಗೆ?"

"ನೋಡಿದೆ ಅಣ್ಣ. ಎಲ್ಲರದ್ದೂ ಹಾಗೇ ಇತ್ತು."

"ಮನೇಲಿ ಒಂದು ಮಾತು ಹೇಳಬಹುದಿತ್ತು."

ಅವಳು ಸಾರಿನ ಪಾತ್ರೆಯನ್ನು ಅವನತ್ತ ಸರಿಸಿದಳು. "ಉಣ್ಣೋ ಹೊತ್ತಲ್ಲಿ ಬೇಡ, ಬಿಡಿ" ಎಂದಳು ಅತ್ತಿಗೆ. ಮೂವರೂ ತಲೆ ತಗ್ಗಿಸಿ ಉಂಡರು.

ಅಣ್ಣ ದೋಣಿ ಮಾರಿ ನೀರಿನ ಟ್ಯಾಂಕರ್ ಓಡಿಸತೊಡಗಿದ. ಮನೆ ಬಿಡು ಎನ್ನಲಿಲ್ಲ, ಮಾತೂ ಆಡಲಿಲ್ಲ. ಎದುರಿಗೇ ಇದ್ದರೂ "ಅವಳಿಗೆ ಹೇಳು, ಬಾಗಿಲು ಹಾಕ್ಕೊಳ್ಳಲಿ" ಎಂದು ಹೆಂಡತಿಗೆ ಹೇಳುತ್ತಿದ್ದ. ಅವಳಿಗೆ ಅದೂ ಅಭ್ಯಾಸವಾಯಿತು.

ಎರಡು ವರ್ಷದ ಮೇಲೆ, ಕಚೇರಿಯ ದೋಣಿ ಅದೇ ನೀರಿನಲ್ಲಿ ಪರೀಕ್ಷೆಗೆಂದು ಬಲೆ ಎಳೆದಾಗ, ಮೊಟ್ಟೆ ತುಂಬಿದ ತಾಯಿಮೀನು ಒಂದು ಸಿಕ್ಕಿತು. ಒಂದರಿಂದ ಏನೂ ಹೇಳುವಂತಿರಲಿಲ್ಲ. ಆದರೂ ಸಂಜೆ ಅಡುಗೆಮನೆಯಲ್ಲಿ ಅತ್ತಿಗೆಗೆ ಅದನ್ನು ತಿಳಿಸುವಾಗ ಅವಳ ದನಿ ಸ್ವಲ್ಪ ಏರಿತು.

ಹಜಾರದಲ್ಲಿ ಟೀವಿಯ ಸದ್ದು ತಗ್ಗಿತು. "ಎಷ್ಟು ದೊಡ್ಡದು?" ಅಣ್ಣ ಕೇಳಿದ್ದು ಅವಳನ್ನೇ.

"ಮೊಳಕ್ಕೆ ಸ್ವಲ್ಪ ಕಮ್ಮಿ, ಅಣ್ಣ."

"ಹ್ಞೂಂ."

ಟೀವಿ ಮತ್ತೆ ಜೋರಾಯಿತು. ಖುಷಿಪಡಬೇಕು ಎಂದುಕೊಂಡಳು. ಆ ಖುಷಿಗಾಗಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಪಾತ್ರೆಗಳಿಗೆ ನೀರು ಬಿಟ್ಟಳು.