ನೀಲಿ ನೀರು ಇಳಿದ ದಾರಿ

ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಎಲ್ಲರೂ ಬೆನ್ನ ಹಿಂದೆ ಅವಳನ್ನು ‘ಅನುಮಾನದಕ್ಕ’ ಎನ್ನುತ್ತಿದ್ದರು. ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು, ಬೇರೆಯವರು ತೊಳೆದಿಟ್ಟ ಸೀಸೆಯನ್ನು ಮತ್ತೆ ತೊಳೆಯುವವಳು. ಹೊಲಕ್ಕೆ ಹೊಡೆದ ಔಷಧ ಮಣ್ಣಿನಲ್ಲಿ ಎಷ್ಟು ದಿನಕ್ಕೆ ಎಷ್ಟು ಆಳ ಇಳಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಹದಿನೆಂಟು ವರ್ಷಗಳಿಂದ ಅವಳ ಕೆಲಸ.

ರೈತರು ಹೆಚ್ಚಾಗಿ ಹೊಡೆಯುವ ಒಂದು ಕಳೆನಾಶಕ ಒಂದು ಮೀಟರ್ ಇಳಿಯುವಷ್ಟರಲ್ಲೇ ನಾಶವಾಗುತ್ತದೆ ಎಂದು ಅವಳ ಲೆಕ್ಕ ಹೇಳಿತ್ತು. ಆದರೆ ಒಬ್ಬ ಮುದುಕ ರೈತನ ಬಾವಿಯಲ್ಲಿ, ಹದಿನಾಲ್ಕು ಮೀಟರ್ ಆಳದ ನೀರಿನಲ್ಲಿ, ಅದು ಸಿಕ್ಕಿತು. ಸೀಸೆ ಕೊಳಕಾಗಿತ್ತೇನೋ ಎಂದು ಇನ್ನೊಮ್ಮೆ ನೀರು ತರಿಸಿದಳು. ಮತ್ತೆ ಅದೇ.

ಅನುಮಾನ ಮುದುಕನ ಕಡೆ ತಿರುಗಿತು. ಅವಳೇ ಅವನ ಹೊಲಕ್ಕೆ ಹೋದಳು.

“ಔಷಧದ ಡಬ್ಬಿ ಎಲ್ಲಿ ತೊಳೀತೀರಿ?”

“ಅಗೋ, ಹೊಲದ ಆ ತುದೀಲಿ.”

“ಬಾವಿ ಹತ್ರ ಒಂದ್ಸಲಾನೂ ತೊಳೆದಿಲ್ವಾ?”

ಮುದುಕನ ಮುಖ ಕೆಂಪಾಯಿತು. “ನೋಡಮ್ಮಾ, ನನ್ನ ಮೊಮ್ಮಗಳು ಕುಡಿಯೋದೂ ಇದೇ ನೀರು. ನಾನೇ ವಿಷ ಸುರೀತೀನಾ?”

ಅವಳು ನಂಬಲಿಲ್ಲ. ಬಾವಿಕಟ್ಟೆಯ ಸುತ್ತಲ ಮಣ್ಣು ಕೆರೆದು ಚೀಲಕ್ಕೆ ತುಂಬಿಕೊಂಡು ಬಂದಳು. ಆ ಮಣ್ಣಿನಲ್ಲಿ ಏನೂ ಇರಲಿಲ್ಲ. ಇನ್ನು ಅನುಮಾನ ಪಡಲು ಉಳಿದದ್ದು ತನ್ನ ಲೆಕ್ಕ ಒಂದೇ. ಅದನ್ನೇ ಮತ್ತೆ ಪರೀಕ್ಷಿಸಬೇಕು ಎಂದು ನಿರ್ದೇಶಕರಿಗೆ ಹೇಳಿದಳು.

“ಇಷ್ಟು ವರ್ಷದ ವರದಿಗಳು ಆ ಲೆಕ್ಕದ ಮೇಲೇ ನಿಂತಿವೆ. ಒಂದು ಬಾವಿಗೋಸ್ಕರ ಎಲ್ಲಾ ಕೆದಕ್ತೀರಾ?” ಎಂದು ನಿರ್ದೇಶಕರು ಮುಖ ಸಿಂಡರಿಸಿದರು.

“ಮೊದ್ಲು ಮಣ್ಣು ಕೆದಕ್ತೀನಿ ಸರ್.”

ಬೇಸಿಗೆಗೆ ಮುದುಕನ ಹೊಲದ ಜೇಡಿ ನೆಲ ಬಿರುಕು ಬಿಟ್ಟಿತ್ತು. ಅವಳು ಅದರ ಮೇಲೆ ನೀಲಿ ಬಣ್ಣ ಕಲಸಿದ ನೀರು ಸುರಿದು, ಮರುದಿನ ಮುದುಕನ ಜೊತೆ ಎದೆಯಾಳ ಹೊಂಡ ತೋಡಿದಳು. ನೀರು ಎಲ್ಲ ಕಡೆ ಸಮನಾಗಿ ಹಿಂಗಿರಲಿಲ್ಲ. ಬಿರುಕುಗಳಲ್ಲಿ, ಸತ್ತ ಬೇರುಗಳ ತೂತುಗಳಲ್ಲಿ ನೀಲಿ ಗೆರೆ ನೇರವಾಗಿ ಹೊಂಡದ ತಳದವರೆಗೂ ಇಳಿದಿತ್ತು. ಪಕ್ಕದ ಮಣ್ಣು ಒಣಗಿಯೇ ಇತ್ತು. ಅವಳ ಲೆಕ್ಕದ ಮಣ್ಣಿನಲ್ಲಿ ಬಿರುಕೇ ಇರಲಿಲ್ಲ. ಔಷಧ ಹೊಡೆದ ಬೆನ್ನಿಗೇ ಜೋರು ಮಳೆ ಬಂದರೆ, ನಾಶವಾಗುವ ಮೊದಲೇ ಅದು ಕೆಳಗೆ ಹೋಗಿರುತ್ತಿತ್ತು.

“ನಿಮ್ಮ ಮೇಲೆ ಅನುಮಾನ ಪಟ್ಟೆ. ತಪ್ಪಾಯ್ತು.”

“ಅನುಮಾನ ಇನ್ನೂ ಸ್ವಲ್ಪ ಉಳಿದಿದೆ ತಾನೆ?” ಎಂದ ಮುದುಕ.

ಉಳಿದಿತ್ತು. ಸುಳ್ಳು ಹೇಳಲಾಗದೆ ಅವಳು ನಕ್ಕುಬಿಟ್ಟಳು.

ಲೆಕ್ಕಕ್ಕೆ ಬಿರುಕುಗಳನ್ನು ಸೇರಿಸಿದಳು. ಅಂಥದೇ ನೆಲದ ಮೂವತ್ತೊಂದು ಬಾವಿಗಳ ಪೈಕಿ ಒಂಬತ್ತರಲ್ಲಿ ಔಷಧ ಸಿಕ್ಕಿತು. ನಿರ್ದೇಶಕರು ಒಂದು ತಿಂಗಳು ಅವಳ ವರದಿಯ ಕಡತ ಇಟ್ಟುಕೊಂಡು, ಕೊನೆಗೆ ಸಹಿ ಹಾಕಿದರು. ಆ ಮನೆಗಳಿಗೆ ಕುಡಿಯಲು ಬೇರೆ ನೀರು ಬಂತು. ಮಳೆಗೆ ಮುಂಚೆ ಬಿರಿದ ಹೊಲಗಳಿಗೆ ಆ ಔಷಧ ಹೊಡೆಯುವುದು ನಿಂತಿತು.

ಹಳ್ಳದಾಚೆಯ ಎಂಟು ಬಾವಿಗಳಿಗೆ ಏನೂ ಭಯವಿಲ್ಲ ಎಂದಿತು ಹೊಸ ಲೆಕ್ಕ. ಅವಳು ಆ ಎಂಟರ ನೀರನ್ನೂ ತರಿಸಿದಳು. ಏಳರಲ್ಲಿ ಏನೂ ಇರಲಿಲ್ಲ.