ಕರ್ಟನಿನ ಮಡಿಕೆಯಲ್ಲಿ ಕಣಜದ ಗೂಡು

ಕಳೆದ ಭಾನುವಾರ ನಮ್ಮ ಚಾವಡಿಯಲ್ಲಿ (ಫ್ಲ್ಯಾಟಿನಲ್ಲಿ ಅದಕ್ಕೆ ಹಾಲ್ ಎನ್ನಬೇಕಂತೆ) ಆದದ್ದನ್ನು ಇನ್ನೂ ಮರೆಯಲು ಆಗಿಲ್ಲ ನನಗೆ. ಯಾರೂ ಜಾರಿ ಬೀಳಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಬಿದ್ದದ್ದು ಒಂದು ಮಣ್ಣಿನ ಉಂಡೆ, ಅಷ್ಟೇ.

ಮೊದಲಿನಿಂದ ಹೇಳುತ್ತೇನೆ, ಮೊಮ್ಮಕ್ಕಳೇ.

ಮಳೆ ಬಿಟ್ಟ ಮೇಲೆ ಒಂದು ಹುಳ ಕಿಟಕಿಯಿಂದ ಒಳಗೆ ಬರತೊಡಗಿತು. ಕಪ್ಪು ಮೈ, ಹಳದಿ ಕಾಲು, ನೂಲಿನಷ್ಟು ಸಪೂರ ಸೊಂಟ. ಸೊಸೆ ಸ್ಪ್ರೇ ಹಿಡಿದು ಓಡಿ ಬಂದಳು. ಮೊಮ್ಮಗಳು ದೀಕ್ಷಾ ತಡೆದಳು. ಮೊಬೈಲಿನಲ್ಲಿ ಫೋಟೊ ತೆಗೆದು, ಹುಡುಕಿ ನೋಡಿದಳು. (ಅವಳಿಗೆ ಇಲ್ಲೇ ಫಳ್ನೀರು ಪೇಟೆಯ ಲ್ಯಾಬ್ ಒಂದರಲ್ಲಿ ರಕ್ತ ಪರೀಕ್ಷೆಯ ಕೆಲಸ. ಎಂತದ್ದನ್ನೂ ಪರೀಕ್ಷಿಸದೆ ಬಿಡುವವಳಲ್ಲ.)

"ಇದು ಮಣ್ಣಿನ ಗೂಡು ಕಟ್ಟುವ ಕಣಜ ಅಮ್ಮ. ನಾವು ಹಿಡಿಯಲು ಹೋಗದಿದ್ದರೆ ಏನೂ ಮಾಡುವುದಿಲ್ಲ. ಇರಲಿ, ಪಾಪ."

ಅದು ಕರ್ಟನಿನ ಮಡಿಕೆಯಲ್ಲಿ ಗುಂಯ್ ಎನ್ನುತ್ತಾ ಕೆಸರು ಮೆತ್ತಿತು. ನಾವು ಆರೈಕೆಗೆ ನಿಂತೆವು. ಫ್ಯಾನ್ ಬಂದ್. ಕಿಟಕಿ ಸದಾ ತುಸು ತೆರೆದೇ. ಗಾಜಿಗೆ ಬಡಿದು ಸುಸ್ತಾಗಿ ಬಿದ್ದ ದಿನ ಬಾಟಲಿಯ ಮುಚ್ಚಳದಲ್ಲಿ ಸಕ್ಕರೆ ನೀರು. ಬಾಣಂತಿಗೂ ಇಷ್ಟು ಉಪಚಾರ ಉಂಟಾ?

ನನಗೆ ಕಣಜವೆಂದರೆ ಗೌರವ. ನಮ್ಮ ಊರ ಶಾಲೆಯ ಮಾಸ್ಟ್ರು ಹೇಳಿದ್ದರು: ಅದು ಯಾವುದೋ ಬಡ ಹುಳವನ್ನು ತಂದು ಗೂಡಿನಲ್ಲಿ ಇಡುತ್ತದೆ, ಹೊರಗೆ ಕೂತು ಹಾಡುತ್ತದೆ. ಹಾಡು ಕೇಳಿ ಕೇಳಿ ಆ ಹುಳವೂ ಕಣಜವೇ ಆಗಿಬಿಡುತ್ತದೆ! ನಾನು ಮದುವೆಯಾಗಿ ಬಂದಾಗ ನನ್ನ ಅತ್ತೆ ಹೇಳಿದ್ದೂ ಇದೇ ಕತೆ. ನಿಮ್ಮನ್ನೆಲ್ಲ ಮಲಗಿಸುವಾಗ ನಾನು ಹೇಳಿದ್ದೂ ಇದೇ.

ಭಾನುವಾರ ದೀಕ್ಷಾಳನ್ನು ನೋಡಲು ಬಂದರಿನಲ್ಲಿ ಗೋದಾಮು ಇರುವ ಮನೆಯವರು ಬಂದರು. ಹುಡುಗ ಸಾಧು. ಮಾತೆಲ್ಲ ಅವನ ತಾಯಿಯದ್ದು.

"ನಮ್ಮ ಮನೆಯ ಸೊಸೆಯರು ಕೆಲಸಕ್ಕೆ ಹೋಗುವ ಕ್ರಮ ಇಲ್ಲ ಆಯ್ತಾ. ಸೂಜಿ, ರಕ್ತ ಅದೆಲ್ಲ ಎಂತಕ್ಕೆ? ಬಿಟ್ಟುಬಿಡಲಿ. ಆಮೇಲೆ ನಿಧಾನ ನಮ್ಮ ಹಾಗೇ ಆಗ್ತಾಳೆ."

ದೀಕ್ಷಾ ಟೀ ಕಪ್ಪನ್ನೇ ನೋಡುತ್ತಿದ್ದಳು. ನೆಂಟರೆದುರು ಬಾಯಿ ತೆರೆಯದ ನನಗೆ ಆ ಹೊತ್ತು ಎಂತ ಆಯಿತೋ! "ಹೌದು ಹೌದು, ಕಣಜದ ಹಾಗೆ" ಎಂದು ಕತೆ ಪೂರ್ತಿ ಹೇಳಿದೆ. ಅಲ್ಲಿಗೆ ನಿಲ್ಲಿಸಬಾರದಿತ್ತೇ? "ನೋಡಿ, ಇಲ್ಲೇ ಉಂಟು" ಎಂದು ಕರ್ಟನ್ ಎಳೆದೆ.

ಗೂಡು ಟೈಲ್ಸಿಗೆ ಬಿದ್ದು ಒಡೆಯಿತು.

ಒಳಗೆ ಜೇಡಗಳು! ಒತ್ತಿ ಒತ್ತಿ ತುಂಬಿದ ಜೇಡಗಳು. ನಡುವೆ ಅನ್ನದ ಅಗುಳಿನಂಥ ಬಿಳಿ ಮರಿಯೊಂದು, ಒಂದು ಜೇಡದ ಹೊಟ್ಟೆಗೆ ಬಾಯಿ ಹಾಕಿಕೊಂಡು.

ಹುಡುಗನ ತಾಯಿಯ ಕಾಲು ಸೋಫಾದ ಮೇಲೆ. "ಅಯ್ಯೋ ದೇವರೇ, ಸತ್ತ ಜೇಡ!"

ದೀಕ್ಷಾ ಮೊಣಕಾಲೂರಿ ಬಗ್ಗಿದಳು. "ಸತ್ತಿಲ್ಲ ಅಜ್ಜಿ. ಕಾಲು ಅಲುಗುತ್ತದೆ ನೋಡಿ. ಕಣಜ ಚುಚ್ಚಿ, ಮರಗಟ್ಟಿಸಿ ಇಡುವುದು. ಮರಿಗೆ ತಾಜಾ ಊಟ ಬೇಕಲ್ಲ."

"ಮತ್ತೆ... ಹಾಡು?"

"ಎಂತ ಹಾಡು ಅಜ್ಜಿ? ಅದು ಕೆಸರು ಮೆತ್ತುವ ಸದ್ದು."

ನಾನು ಕೂತುಬಿಟ್ಟೆ. ಈ ಕತೆ ಹೇಳಿಯೇ ನಾನು ಮಕ್ಕಳನ್ನು ಮಲಗಿಸಿದ್ದಾ?

ಕಣಜವನ್ನು ಬೈದು ಪ್ರಯೋಜನವಿಲ್ಲ, ಅದು ತಾಯಿ. ಮರಿಯದ್ದೂ ತಪ್ಪಲ್ಲ. ದೀಕ್ಷಾ ಅದನ್ನು ಜೇಡಗಳ ಸಮೇತ ಹತ್ತಿ ಹಾಸಿದ ಡಬ್ಬಿಯಲ್ಲಿ ಇಟ್ಟಳು. (ಜೇಡಗಳನ್ನು ಬದುಕಿಸಲು ಇನ್ನು ಆಗುವುದಿಲ್ಲವಂತೆ.)

ಹುಡುಗನ ತಾಯಿ ಸೆರಗು ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದರು. "ಹಾಗಾದರೆ ಕೆಲಸ ಬಿಡುವುದು ಗಟ್ಟಿ ಅಲ್ವಾ ಅಮ್ಮ?"

"ಅವಳನ್ನೇ ಕೇಳಿ" ಎಂದೆ.

ಗೂಡು ಬಿದ್ದಾಗ ಬೆಚ್ಚಿದ್ದಕ್ಕಿಂತ ಹೆಚ್ಚು ಬೆಚ್ಚಿದರು ಎಲ್ಲರೂ. ನಾನೂ.

ದೀಕ್ಷಾ ಡಬ್ಬಿ ಹಿಡಿದೇ ಎದ್ದು ನಿಂತಳು. "ಬಿಡುವುದಿಲ್ಲ ಆಂಟಿ."

ಆ ತಾಯಿಯಿಂದ ಇನ್ನೂ ಫೋನ್ ಇಲ್ಲ. ಹುಡುಗನದ್ದು ಮಾತ್ರ ಬಂತು, ಕಣಜದ ಮರಿ ಹೇಗುಂಟು ಎಂದು ಕೇಳಿಕೊಂಡು! ದೀಕ್ಷಾ ನಗುತ್ತಾ ಡಬ್ಬಿಯ ಫೋಟೊ ಕಳಿಸಿದ್ದಾಳೆ. ಮುಂದೆ ಎಂತ ಆಗುತ್ತದೋ, ಅವಳೇ ಹೇಳಲಿ.

ನನ್ನನ್ನು ಕೊರೆಯುವುದು ಬೇರೆಯೇ ಪ್ರಶ್ನೆ. ಮದುವೆಯಾಗಿ ಬಂದ ನಾನು ಈ ಮನೆಯವರ ಹಾಗೆ ಆದದ್ದು ಹಾಡು ಕೇಳಿಯೋ, ಚುಚ್ಚಿಸಿಕೊಂಡೋ?